ನಾನು ತುಂಬಿದ ಹಾಳೆಗಳು

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಪಕ್ಕದ ಮನೆಯವರು ಒಣಗಿದ ತಂಗಡಿ ಹೂ ಕೊಟ್ಟಿದ್ದರು. ಮೊನ್ನೆ ಅದನ್ನು ಬಿಸಿನೀರಿಗೆ ಹಾಕಿದಾಗ ಎದ್ದ ವಾಸನೆಗೆ ಲೋಟ ಕೆಳಗಿಟ್ಟುಬಿಟ್ಟೆ. ದನ ಮೇಯುವ ಬಯಲಿನ ತುಂಬ ತಂಗಡಿ ಬೆಳೆದಿದ್ದ ಎಮ್ಮೆದೊಡ್ಡಿ ಕಾವಲಿನ ವಾಸನೆ ಅದು. ಅಲ್ಲಿದ್ದ ಒಬ್ಬ ಅಜ್ಜಿಯ ವಿಷಯವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ...

ಎಪ್ಪತ್ತರ ದಶಕದ ಕೊನೆ. ಎಸ್ಸೆಸ್ಸೆಲ್ಸಿ ಮುಗಿಸಿ ಕಡೂರಿನಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ಭಾಷೆಗಳ ಬಗ್ಗೆ ಬರೆಯುತ್ತಿದ್ದ ದೂರದ ಊರಿನ ಕಾಲೇಜು ಮೇಷ್ಟ್ರೊಬ್ಬರು ಈ ಅಜ್ಜಿಯನ್ನು ಹುಡುಕಿಕೊಂಡು ಬಂದು, ದಾರಿ ತೋರಿಸಲು ನನ್ನನ್ನು ಕರೆದುಕೊಂಡರು. ಅಜ್ಜಿಯ ಹಿರಿಯರು ಎಲ್ಲಿಂದಲೋ ದನ ಹೊಡೆದುಕೊಂಡು ಬಂದು ನೆಲೆಸಿದವರು. ಅವರ ಮನೆಮಾತು ಬೇರೆ. ಗಂಡ ತೀರಿಕೊಂಡ ಮೇಲೆ ಅದನ್ನು ಬಲ್ಲವರು ಅಜ್ಜಿಯೊಬ್ಬರೇ, ಮಕ್ಕಳಿಗೆಲ್ಲ ಕನ್ನಡವೇ. ದಕ್ಷಿಣ ಅಮೆರಿಕದಲ್ಲಿ ಪುಯೆಲ್ಚೆ ಎಂಬ ಭಾಷೆಯಿತ್ತೆಂದು ಮೇಷ್ಟ್ರು ಹೇಳಿದರು. ಕುದುರೆ ಹತ್ತಿ ಬಯಲು ಸುತ್ತುತ್ತಿದ್ದ ಜನರದ್ದಂತೆ. "ಆಡೋರೆಲ್ಲ ಹೋದ್ರು. ಉಳಿದಿರೋದು ಯಾರೋ ಕೂತು ಬರ್ಕೊಂಡ ಹಾಳೆಗಳಷ್ಟೇ. ಇಲ್ಲೂ ಅಷ್ಟೇ ಕಣಯ್ಯ, ನೀನು ಬರೆದದ್ದೇ ಉಳಿಯೋದು" ಎಂದು, ಕನ್ನಡ ಪದಗಳ ಪಟ್ಟಿಯಿದ್ದ ಹಾಳೆಗಳನ್ನು ನನಗೆ ಒಪ್ಪಿಸಿ ಹೋದರು. ಪ್ರತಿ ಪದದ ಮುಂದೆ ಅಜ್ಜಿಯ ಪದ ಬರೆಯಬೇಕಿತ್ತು.

ಅಜ್ಜಿಯ ಕುಲದಲ್ಲಿ ಒಂದು ಕಟ್ಟುಪಾಡು. ಎದುರಿಗಿಲ್ಲದ್ದನ್ನು ತಮ್ಮ ಮಾತಿನಲ್ಲಿ ಹೆಸರು ಹಿಡಿದು ಕರೆಯಬಾರದು; ಕರೆದರೆ ಅದು ಮುನಿಸಿಕೊಂಡು ಬಾರದೇ ಹೋಗುತ್ತದೆ. ಬೆಂಕಿಯ ಪದ ಒಲೆ ಹಚ್ಚಿದಾಗ ಸಿಕ್ಕಿತು. ಹಾಲಿನದು ಹಸು ಕರೆಯುವಾಗ. ಮಳೆಗೆ ಏನೆನ್ನುತ್ತೀರಿ ಎಂದು ಬಿರುಬಿಸಿಲಲ್ಲಿ ಕೇಳಿದರೆ ನಕ್ಕುಬಿಟ್ಟರು.

"ಲೇ, ಎಲ್ಲೈತೋ ಮಳೆ? ಬಂದ್ಮೇಲೆ ಬಾ, ಹೇಳ್ತೀನಿ."

"ಅಷ್ಟೊತ್ತಿಗೆ ನಾನು ಮುದುಕ ಆಗಿರ್ತೀನಿ ಅಜ್ಜಿ."

"ಆಗು. ಆಗ್ಲಾದ್ರೂ ಬುದ್ಧಿ ಬತ್ತದೆ."

ಅವರ ಮಾತಿನಲ್ಲಿ, ನಾಲಿಗೆಯನ್ನು ಹಿಂದಕ್ಕೆಳೆದುಕೊಂಡು ಹೇಳುವ ಒಂದು ಸ್ವರವಿತ್ತು. ನಮ್ಮಲ್ಲಿ ಅದಕ್ಕೆ ಅಕ್ಷರವಿಲ್ಲ. ಕೇಳುವವನನ್ನು ಸೇರಿಸಿಕೊಂಡು ಹೇಳುವ 'ನಾವು' ಬೇರೆ, ಅವನನ್ನು ಬಿಟ್ಟು ಹೇಳುವ 'ನಾವು' ಬೇರೆ. ನನ್ನೆದುರು ಯಾವಾಗಲೂ ಎರಡನೆಯದನ್ನೇ ಆಡುತ್ತಿದ್ದರು. ಕೆಲವು ತಿಂಗಳಾದ ಮೇಲೆ ಒಂದು ದಿನ, ಮಜ್ಜಿಗೆ ಕೊಡುತ್ತಾ, ಮೊದಲನೆಯದನ್ನು ಆಡಿದರು. ಆಗ ನನಗೆ ಅದರ ಬೆಲೆ ತಿಳಿಯಲಿಲ್ಲ.

ಬಸ್ಸಿಳಿದು ಅಷ್ಟು ದೂರ ನಡೆದು ಎರಡು ಪದ ತರುವುದು ಬೇಸರವಾಗತೊಡಗಿತು. ಹೋಗುವುದನ್ನು ನಿಲ್ಲಿಸಿದೆ. ಅಷ್ಟರಲ್ಲಿ ಮೇಷ್ಟ್ರು ಬರುತ್ತೇನೆಂದು ಕಾಗದ ಬರೆದರು. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿಯಿತ್ತು. ಒಂದು ಮಧ್ಯಾಹ್ನ ಮನೆಯಲ್ಲೇ ಕುಳಿತು ಎಲ್ಲವನ್ನೂ ತುಂಬಿಬಿಟ್ಟೆ. ಅಜ್ಜಿಯ ಪದಗಳ ಧಾಟಿಯಲ್ಲಿ ನಾನೇ ಹುಟ್ಟಿಸಿದ ಪದಗಳು. ಮಳೆಗೂ ಒಂದು.

ಮೇಷ್ಟ್ರು ಹಾಳೆಗಳ ಜೊತೆ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ನೇರವಾಗಿ ಕಾವಲಿಗೆ ಹೋಗಿ, ಅಜ್ಜಿಯ ಜಗುಲಿಯ ಮೇಲೆ ಕುಳಿತು ಪದಗಳನ್ನು ಒಂದೊಂದಾಗಿ ಓದತೊಡಗಿದರು. ಹೀಗಾಗುತ್ತದೆಂದು ನಾನು ಎಣಿಸಿರಲಿಲ್ಲ. ಮಳೆಯ ಪದ ಬಂದಾಗ ಅಜ್ಜಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

"ಇದು ಸರಿ ಏನಮ್ಮ?" ಎಂದರು ಮೇಷ್ಟ್ರು.

"ಹೂಂ ಕಣಪ್ಪ. ಹಂಗೇ ಅಂತಿದ್ವಿ."

ಕೊನೆಯ ಹಾಳೆಯವರೆಗೂ ಅವರು ಹೂಂ ಎಂದರು. ಮೇಷ್ಟ್ರು ಎದ್ದು ಜೀಪಿನತ್ತ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದರು: "ನಿನ್ ಮುಖ ನೋಡಕ್ಕಾಗ್ಲಿಲ್ಲ ಕಣೋ. ಮಳೇಲಿ ಬಾ, ಸರಿ ಮಾಡ್ಕೊಡ್ತೀನಿ."

ಮಳೆಗಾಲಕ್ಕೆ ಮೊದಲೇ ತರೀಕೆರೆಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಆ ವರ್ಷ ಹೋಗಲಿಲ್ಲ. ಮುಂದಿನ ವರ್ಷವೂ ಇಲ್ಲ. ದೂರವೇನಾಗಿರಲಿಲ್ಲ, ಮುಖ ತೋರಿಸಲು ನಾಚಿಕೆ... ಅಜ್ಜಿ ತೀರಿಕೊಂಡದ್ದನ್ನು ಅವರ ಮಗ ಅಜ್ಜಂಪುರದ ಬಸ್ಸಿನಲ್ಲಿ ಸಿಕ್ಕಿ ಹೇಳಿದ. "ಮಳೆ ಹಿಡ್ದಾಗೆಲ್ಲ ಆ ಹುಡುಗ ಬಂದ್ನಾ ಅಂತ ಕೇಳೋಳು ನಮ್ಮವ್ವ" ಎಂದ.

ಮೇಷ್ಟ್ರ ಪುಸ್ತಕ ಅಚ್ಚಾಯಿತು. ಅದರಲ್ಲಿ ನನಗೆ ಕೃತಜ್ಞತೆ ಹೇಳಿದ್ದಾರೆ. ಅವರು ಬದುಕಿದ್ದಷ್ಟು ದಿನವೂ ನಿಜ ಬರೆದು ತಿಳಿಸುವ ಧೈರ್ಯ ನನಗೆ ಬರಲಿಲ್ಲ. ಮೊನ್ನೆ ಆ ಪುಸ್ತಕ ತೆಗೆದು, ನನ್ನ ಸುಳ್ಳುಗಳನ್ನಾದರೂ ಹೊಡೆದು ಹಾಕೋಣವೆಂದು ಪೆನ್ನು ಹಿಡಿದು ಕುಳಿತೆ. ಮಳೆಯ ಪದದ ಮೇಲೆ ಗೆರೆ ಎಳೆದೆ. ಮುಂದೆ ಕೈ ಓಡಲಿಲ್ಲ. ಯಾವುದು ಅಜ್ಜಿಯ ಬಾಯಿಂದ ಬಂದದ್ದು, ಯಾವುದು ನಾನು ಹುಟ್ಟಿಸಿದ್ದು ಎಂದು ಈಗ ನನಗೇ ಗೊತ್ತಾಗುವುದಿಲ್ಲ.