ಕೇದಾರಿಯ ಉಸಿರು ಬಿಡಿಸಿದ ಹಂಚಿನಾಳ ಮಾಸ್ತರರು

ಶಾಲೆಯ ಕಟ್ಟಕಡೆಯ ತಾಸಿಗೆ ತಳ್ಳಿಸಿಕೊಂಡಿದ್ದ ಡ್ರಿಲ್ಲಿಗೆ ಗಣಿತ, ವ್ಯಾಕರಣಗಳ ಸಾಲಿನಲ್ಲಿ ಕೂಡ್ರುವ ಮಾನವನ್ನು ನಮ್ಮ ಸೀಮೆಯಲ್ಲಿ ತಂದುಕೊಟ್ಟವರು ಶ್ರೀ ರಾಜಪ್ಪ ಹಂಚಿನಾಳ ಮಾಸ್ತರರು. ಗೋಕಾಕದಲ್ಲಿ ಆರಂಭಿಸಿ, ಹುಕ್ಕೇರಿಯಲ್ಲಿ ಬಹುಕಾಲ ದುಡಿದು, ಈಗ ಮೂಡಲಗಿಯಲ್ಲಿ ನಿವೃತ್ತರಾಗುತ್ತಿರುವ ಅವರ ಶಿಸ್ತನ್ನೂ ಅವರ ಹುಡುಗರು ಪಂದ್ಯಗಳಲ್ಲಿ ಗೆದ್ದು ತಂದ ಢಾಲುಗಳನ್ನೂ ಈ ಅಭಿನಂದನ ಗ್ರಂಥದ ಬೇರೆ ಲೇಖಕರು ನನಗಿಂತ ಚೆನ್ನಾಗಿ ವರ್ಣಿಸಿರುತ್ತಾರೆ. ನಾನಾದರೋ ತಲೆ ನರೆಯತೊಡಗಿದ ಮೇಲೆ, ಅವರೇ ಹುಕ್ಕೇರಿಯಿಂದ ರಜೆಗಳಲ್ಲಿ ಬಂದು ನಮ್ಮ ಕೇರಿಯಲ್ಲಿ ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿದವಳು. ನೀವೂ ಬರೆಯಬೇಕು ಎಂದು ಸಂಪಾದಕರು ಹೇಳಿ ಕಳಿಸಿದಾಗ ಈ ಕೈಯಿಂದ ಆದೀತೇ ಎನಿಸಿತು. ಆದರೆ ಆ ಕೈಗೆ ಬಳಪ ಕೊಟ್ಟವರ ವಿಷಯವೇ ಆದ್ದರಿಂದ ಒಲ್ಲೆನೆನ್ನಲು ಬಾಯಿ ಬರಲಿಲ್ಲ. ನಾನು ಬರೆಯುವುದು ಒಂದೇ ಸಂಗತಿ. 

ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ನಮ್ಮವರು ಆಗಿನ್ನೂ ಬುದ್ಧನಿಗೆ ಶರಣು ಹೋಗಿರಲಿಲ್ಲ. ಊರಿನ ಲೆಕ್ಕದಲ್ಲಿ ನಾವು ಹೊಲೆಯರು, ಮುಟ್ಟಬಾರದವರು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ನನ್ನ ತಮ್ಮನ ಮಗ ಕೇದಾರಿಯನ್ನು ಘೋಡಗೇರಿಯಿಂದ ಕರೆತಂದು, ಗಿರಣಿಯಲ್ಲಿ ಹತ್ತಿಯ ಕಸ ಗುಡಿಸುತ್ತ ಗೋಕಾಕದಲ್ಲಿ ಸಾಕಿದೆ. ಹೈಸ್ಕೂಲಿನ ಕಡೆಯ ವರ್ಷಕ್ಕೆ ಬರುವಷ್ಟರಲ್ಲಿ ಹುಡುಗ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದಿದ್ದ. ಒಂದು ದಿನ ಉಣ್ಣುತ್ತ ಕೂತವನು, "ಅತ್ತಿ, ನಾ ಮಿಲ್ಟ್ರಿ ಸೇರಾಂವ" ಎಂದ. ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದೆ.

"ಸಾಯಾಕ ಹೋಗ್ತಿಯೇನೋ?"

"ಅಲ್ಲಿ ಉಣ್ಣಾಕ ಎಲ್ಲಾರೂ ಒಂದ ಸಾಲಿನಾಗ ಕೂಡ್ತಾರಂತ."

ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅಂದಿನಿಂದ ಹೊತ್ತು ಮೂಡುವ ಮುನ್ನ ಹೊಳೆಯ ಉಸುಕಿನಲ್ಲಿ ಓಡುವುದು, ಗಿಡದ ಟೊಂಗೆಗೆ ಜೋತು ಬೀಳುವುದು, ನೆನೆಸಿದ ಕಡಲೆ ತಿನ್ನುವುದು ಅವನ ನೇಮವಾಯಿತು. ಆದರೆ ಬೆಳಗಾವಿಯಲ್ಲಿ ನಡೆದ ಸೈನ್ಯದ ಭರ್ತಿಗೆ ಹೋದವನು ಸಂಜೆಗೆ ಮುಖ ಬಾಡಿಸಿಕೊಂಡು ಮರಳಿದ. ಓಟದಲ್ಲಿ ಎಲ್ಲರಿಗಿಂತ ಮುಂದಿದ್ದ. ಎತ್ತರವೂ ತೂಕವೂ ಸರಿಯಾಗಿದ್ದವು. ಎದೆ ಮಾತ್ರ ಹಿಗ್ಗಲಿಲ್ಲ. ಉಸಿರು ಹಿಡಿದಾಗ ಎರಡು ಇಂಚು ಏರಬೇಕಾದದ್ದು ಅರ್ಧ ಇಂಚೂ ಏರಲಿಲ್ಲವಂತೆ. ನಮ್ಮ ಕೇರಿಯಲ್ಲೆಲ್ಲ ಅಗಲ ಎದೆಯ ಹುಡುಗನೆಂದರೆ ಅವನೇ. ಕೇಳಿದವರೆಲ್ಲ ದಂಗಾದರು.

ಹಂಚಿನಾಳ ಮಾಸ್ತರರು ಆ ವರ್ಷವೇ ಆ ಹೈಸ್ಕೂಲಿಗೆ ಹೊಸದಾಗಿ ಬಂದವರು. ಅವರಿಗಿಂತ ಮುಂಚೆ ಡ್ರಿಲ್ ನೋಡುತ್ತಿದ್ದವರು ನಮ್ಮ ಕೇರಿಯ ಮಕ್ಕಳ ಅಳತೆ ತೆಗೆಯುವಾಗ ಟೇಪನ್ನು ನೆಲದ ಮೇಲೆ ಎಸೆದು, ನೀವೇ ಅಳೆದುಕೊಂಡು ಹೇಳಿರೆನ್ನುತ್ತಿದ್ದರು. ನಮಗೂ ಅದು ವಿಚಿತ್ರವೆನಿಸಿರಲಿಲ್ಲ. ಪೇಟೆಯ ಶಿಂಪಿಗ ಹೊಳೆಪ್ಪನೂ ನಮ್ಮ ಅಂಗಿಗಳ ಅಳತೆಯನ್ನು ದೂರದಿಂದ ಕಣ್ಣಲ್ಲೇ ತೆಗೆಯುತ್ತಿದ್ದ. ಮಾಸ್ತರರು ಕೇದಾರಿಗೆ ಟೇಪು ಕೊಟ್ಟು ತಾನೇ ಅಳೆದುಕೊಳ್ಳಲು ಹೇಳಿದರು. ಎರಡೂವರೆ ಇಂಚು ಹಿಗ್ಗಿತು. ಬಳಿಕ ತಾವೇ ಅವನ ಎದೆಯ ಸುತ್ತ ಕೈ ಬಳಸಿ ಟೇಪು ಹಿಡಿದರು. ಅರ್ಧ ಇಂಚು!

ಅಂದು ಸಂಜೆ ಅವರು ನಮ್ಮ ಗುಡಿಸಲಿಗೆ ಬಂದರು. ಕೇರಿಯೊಳಗೆ ಊರ ಮಾಸ್ತರರೊಬ್ಬರು ಕಾಲಿಟ್ಟದ್ದೇ ಒಂದು ಆಘಾತವಾದರೆ, ನನ್ನಂಥವಳನ್ನು ಅವರು ಬಹುವಚನದಲ್ಲಿ ಕರೆದದ್ದು ಇನ್ನೊಂದು.

"ಉದ್ದವ್ವಾರ, ನನ್ನ ಕೈ ತಾಗಿದ್ರ ನಿಮ್ಮ ಹುಡುಗನ ಉಸರ ಎಲ್ಲಿ ಹೊಕ್ಕೈತ್ರಿ? ಏನರ ಬ್ಯಾನಿ ಐತೇನು?"

"ಬ್ಯಾನಿ ಅಲ್ರಿ ಸರ. ಮಂದಿ ಎದುರಿಗೆ ಬಂದ್ರ ಮೈ ಒತ್ತಿಕೊಂಡು ಗ್ವಾಡಿಗೆ ಸರೀಬೇಕು, ಉಸರ ಸೈತ ತಾಗಬಾರದು ಅಂತ ನಾವ ಕಲಿಸೇವ್ರಿ. ಕಲೀದಿದ್ರ ಬಡೀತಾರ್ರಿ."

 ಮಾಸ್ತರರು ಕೇದಾರಿಯ ಕಡೆ ನೋಡಿದರು, ತಮ್ಮ ಕೈಗಳ ಕಡೆ ನೋಡಿದರು. ಹುಡುಗನಿಗೂ ಈ ವಿಷಯ ಆವರೆಗೆ ತಿಳಿದಿರಲಿಲ್ಲ. ತನ್ನ ಮೈಯೇ ತನಗೆ ಹೇಳದೆ ಹೀಗೆ ಮಾಡುತ್ತದೆಂದು ಕೇಳಿ ಅವನು ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. ಎದ್ದು ಹೊರಟಾಗ ಮಾಸ್ತರರು, "ಪರೀಕ್ಷಾ ಮುಗದ ಮ್ಯಾಲೆ ಇನ್ನೊಂದ ಭರ್ತಿ ಐತಿ. ನಾಳೆ ಮುಂಜಾನೆ ಸಾಲಿಗೆ ಬರ್ರಿ" ಎಂದಷ್ಟೇ ಹೇಳಿದರು.

ಮರುದಿನ ಪ್ರಾರ್ಥನೆಯ ಹೊತ್ತಿಗೆ ನಾನು ಶಾಲೆಯ ಗೇಟಿನ ಹೊರಗೆ ನಿಂತಿದ್ದೆ. ಹುಡುಗರೆಲ್ಲ ಸಾಲುಗಟ್ಟಿದ್ದರು. ಮಾಸ್ತರರು ಕಟ್ಟೆಯ ಮೇಲೆ ಹತ್ತಿ, ಕೋಟು ಕಳಚಿ, ಅಂಗಿಯನ್ನೂ ಕಳಚಿ, ಬರಿಮೈಯಲ್ಲಿ ನಿಂತು ಕೇದಾರಿಯನ್ನು ಮೇಲೆ ಕರೆದರು. ಕೊರಳಲ್ಲಿ ಲಿಂಗ ತೂಗುತ್ತಿತ್ತು.

"ನನ್ನ ಎದಿ ಅಳಿ."

 ಯಾರೋ "ಶಿವಶಿವಾ" ಎಂದರು. ಮಾಸ್ತರರು ಕೊಟ್ಟ ಟೇಪು ಕೇದಾರಿಯ ಕೈಯಲ್ಲಿ ಸುತ್ತಿದ್ದಂತೆಯೇ ಇತ್ತು.

"ಸರ, ಕೈ ಬರವಲ್ದ್ರಿ."

"ಬರತೈತಿ. ಬರೂತನಾ ನಿಂತಿರ್ತೇನಿ. ಚಳಿ ಐತಿ, ಲಗೂನ ಅಳಿ."

ಅವರು ಹಾಗೆಯೇ ನಿಂತರು. ಎಷ್ಟು ಹೊತ್ತೆಂದು ನಾನು ಹೇಳಲಾರೆ. ನನಗಂತೂ ಒಂದು ಜನ್ಮ ಕಳೆದಂತಾಯಿತು. ಕೊನೆಗೆ ಆ ಹುಡುಗ ಹಾವಿಗೆ ಕೈ ಹಾಕುವವನಂತೆ ಅವರ ಬೆನ್ನ ಹಿಂದಿನಿಂದ ಟೇಪು ತಂದು ಮುಂದೆ ಕೂಡಿಸಿದ. ಮಾಸ್ತರರು ಉಸಿರು ಎಳೆದುಕೊಂಡರು. ಕೇದಾರಿ ಅಂಕಿ ಓದಿದ. ಓದಿದ್ದು ಯಾರಿಗೂ ಕೇಳಿಸಲಿಲ್ಲ.

"ಇನ್ನ ಮುಂದ ಡ್ರಿಲ್ಲಿನಾಗ ದಿನಾ ಒಬ್ಬರದೊಬ್ಬರು ಅಳತಿ ತಗೋಬೇಕು. ಒಲ್ಲದಾಂವ ಹೊರಗ ನಿಂದರಬಹುದು" ಎಂದು ಮಾಸ್ತರರು ಸಾರಿದರು. ಹಲವರು ಹೊರಗೆ ನಡೆದೇಬಿಟ್ಟರು. ಆಗ ಕೌಜಲಗಿಯ ಕುರುಬರ ಸತ್ತೆಪ್ಪನೆಂಬ ಹುಡುಗ ಮುಂದೆ ಬಂದು ಎರಡೂ ಕೈ ಎತ್ತಿದ. "ಲೇ ಕೇದಾರಿ, ನನ್ನ ಬಗಲಾಗ ಟಗರಿನ ನಾತ ಐತಿ. ಮೂಗ ಮುಚ್ಚಿಕೊಂಡ ಅಳಿಯಪಾ!" ಸಾಲಿನಲ್ಲಿ ಉಳಿದವರು ಗೊಳ್ಳೆಂದು ನಕ್ಕರು. ಆ ನಗೆಯಲ್ಲಿ ಅರ್ಧ ಅಂಜಿಕೆಯಿತ್ತು.

ಊರು ಸುಮ್ಮನಿರಲಿಲ್ಲ. "ಮಾಸ್ತರ್ರ, ನೀವ ಟೇಪ ಹಿಡದ್ರ ನಮ್ಮ ಅಂಗಡಿ ಮುಚ್ಚೂದ ಏನ್ರಿ?" ಎಂದು ಹೊಳೆಪ್ಪ ನಡುಪೇಟೆಯಲ್ಲಿ ಕುಟುಕಿದ. "ಮುಚ್ಚಬ್ಯಾಡೋ, ನನ್ನ ಕಡೆ ಕಲಿಯಾಕ ಬಾ" ಎಂದು ಮಾಸ್ತರರು ನಡೆದರು. ಮಾತು ಅಲ್ಲಿಗೇ ನಿಲ್ಲಲಿಲ್ಲ. ಕೆಲವು ಹುಡುಗರ ತಂದೆಯರು ಆಡಳಿತದವರ ಬಳಿ ಹೋದರು. ಅಳತೆ ನಿಲ್ಲಿಸಿರೆಂದು ಮಾಸ್ತರರಿಗೆ ಹೇಳಲಾಯಿತು, ಅವರು ನಿಲ್ಲಿಸಲಿಲ್ಲ. ವರ್ಷದ ನಡುವೆಯೇ ಕೆಲಸ ಹೋಯಿತು.  ಕೇದಾರಿಯ ಎದೆ ಆಗ ಒಂದು ಇಂಚಿಗೆ ಬಂದಿತ್ತು, ಅಷ್ಟೇ. ಹುಡುಗನ ಸಲುವಾಗಿ ಒಬ್ಬರ ಅನ್ನ ಹೋಯಿತು, ಹುಡುಗನಿಗೂ ಏನೂ ಸಿಗಲಿಲ್ಲ ಎಂದು ನಾನು ಅತ್ತುಬಿಟ್ಟೆ. ಮಾಸ್ತರರು ಹುಕ್ಕೇರಿಯ ಶಾಲೆಯೊಂದರಲ್ಲಿ ಕಡಿಮೆ ಪಗಾರದ ಜಾಗ ಹಿಡಿದರು. ಹಿಡಿದ ಕೂಡಲೇ ಹೇಳಿ ಕಳಿಸಿದರು: ಪರೀಕ್ಷೆ ಮುಗಿದೊಡನೆ ಕೇದಾರಿ ಬಂದು ನಮ್ಮ ಮನೆಯಲ್ಲಿ ಇರತಕ್ಕದ್ದು.

ಅವರ ಮನೆಯಲ್ಲಿ ತಾಯಿ ರಾಮವ್ವನವರು ಇದ್ದರು. ಬಹಳ ಮಡಿಯ ಜೀವ. ಮೊದಮೊದಲು ಕೇದಾರಿಯ ತಾಟು ಹೊರಗಿನ ಕಟ್ಟೆಯ ಮೇಲೆ. ಮಾಸ್ತರರು ತಮ್ಮ ತಾಟನ್ನೂ ಅಲ್ಲಿಗೇ ಒಯ್ದು ಉಣ್ಣುತ್ತಿದ್ದರಂತೆ. ತಾಯಿಯೊಂದಿಗೆ ಅವರು ಜಗಳವಾಡಲಿಲ್ಲ. ಒಂದು ದಿನ ಮಾಸ್ತರರು ಶಾಲೆಯಲ್ಲಿದ್ದಾಗ ಹುಡುಗನಿಗೆ ಸುಡುಸುಡು ಜ್ವರ ಏರಿತು. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಆ ತಾಯಿಯೇ ಹಣೆ ಮುಟ್ಟಿ ನೋಡಬೇಕಾಯಿತು. ಮುಟ್ಟಿದವರು ಮತ್ತೆ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

ನಾನು ರೊಟ್ಟಿಯ ಗಂಟು ಕಟ್ಟಿಕೊಂಡು ಹುಕ್ಕೇರಿಗೆ ಹೋದ ದಿನ ಕಂಡದ್ದನ್ನು ಇಂದಿಗೂ ನಂಬಲಾರೆ. ಕೇದಾರಿಯನ್ನು ಮುಂದೆ ಕೂಡ್ರಿಸಿಕೊಂಡು ಆ ಮುದುಕಿ ಅವನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದರು.

"ಕುತಗಿ ಯಾಕ ಬಿಗಿ ಹಿಡದೀಯೋ ಮೂಳಾ? ಎಣ್ಣಿ ಹಚ್ಚಾಕತ್ತೇನಿ, ಸೂಜಿ ಚುಚ್ಚಾಕತ್ತಿಲ್ಲ."

"ಆಯಿ, ಕಣ್ಣಾಗ ಇಳದೈತ್ರಿ!"

"ಇಳೀಲಿ. ಮಿಲ್ಟ್ರ್ಯಾಗ ಗುಂಡ ತಿನ್ನಾಂವಗ ಎಣ್ಣಿ ಭಾರ ಆತೇನು?"

ಬಾಗಿಲಲ್ಲಿ ನಿಂತ ನನ್ನ ಕೈಯಿಂದ ಗಂಟು ಜಾರಿತು. ಆ ಮನೆಯಲ್ಲಿ ಅಂದು ನನಗೆ ನೀರು ಕೊಟ್ಟ ತಂಬಿಗೆ ಒಳಗಿನದು.

ಎರಡನೆಯ ಭರ್ತಿಯ ದಿನ ಮಾಸ್ತರರೂ ನಾನೂ ಬೆಳಗಾವಿಯ ಮೈದಾನದ ಬೇಲಿಯ ಹೊರಗೆ ಕಾದೆವು. ಇನ್ನೊಮ್ಮೆ ತಪ್ಪಿದರೆ ಹುಡುಗ ಮತ್ತೆ ಈ ಮಾತೆತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ಗಿರಣಿಯ ಕಸಬರಿಗೆ ಅವನಿಗೂ ಕಾದಿತ್ತು. ಮಾಸ್ತರರು ಕೂಡ್ರಲಿಲ್ಲ, ಒಂದು ಗುಟುಕು ಚಹಾ ಕುಡಿಯಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಹೊರಗೆ ಬರತೊಡಗಿದರು. ಕೇದಾರಿ ಬಂದ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು, ಭುಜ ಕುಣಿಸುತ್ತ ಬರುತ್ತಿದ್ದ. ಅಳುತ್ತಿದ್ದಾನೆಂದು ನನ್ನ ಜೀವ ಹಾರಿತು.

"ಏನಾತೋ?" ಮಾಸ್ತರರು ಮುಂದೆ ಓಡಿ ಕೇಳಿದರು.

"ಸರ, ಡಾಕ್ಟರ ಬಗಲಾಗ ಕೈ ಹಾಕಿದ್ರ ಕಚಗುಳಿ ಆತ್ರಿ. ನಕ್ಕಬಿಟ್ನಿ. ಸುಮ್ಮ ನಿಂದರಲೇ ಅಂತ ಬೈದ್ರು. ಎರಡ ಸಲ ಅಳದ್ರು."

"ಅಳತಿ ಎಷ್ಟೋ ಹುಚ್ಚಾ?"

"ಎರಡೂವರಿ, ಸರ. ತಗೊಂಡ್ರು."

ಡ್ರಿಲ್ಲಿನಲ್ಲಿ ಎಂದೂ ಬೆನ್ನು ಬಾಗಿಸದ ಹಂಚಿನಾಳ ಮಾಸ್ತರರು ಅಲ್ಲಿಯೇ ರಸ್ತೆಯ ಬದಿಯಲ್ಲಿ ಕುಕ್ಕರಿಸಿ ಮುಖ ಮುಚ್ಚಿಕೊಂಡರು. ಮುಟ್ಟಿದರೆ ಕಚಗುಳಿಯಾಗುವುದು ಲೋಕದ ಎಲ್ಲ ಮಕ್ಕಳಿಗೂ ಸಹಜವಂತೆ. ನಮ್ಮ ಹುಡುಗನಿಗೆ ಅದು ಹೈಸ್ಕೂಲು ಮುಗಿದ ಮೇಲೆ ಬಂತು.

ಕೇದಾರಿ ಈಗ ಗಡಿಯಲ್ಲಿದ್ದಾನೆ. ರಜೆಗೆ ಬಂದಾಗ ಮೊದಲು ಹೋಗುವುದು ಮೂಡಲಗಿಗೆ, ಮಾಸ್ತರರ ಮನೆಗೆ. ನಿವೃತ್ತರಾದವರಿಗೆ ಸುಖವಾಗಿ ವಿಶ್ರಮಿಸಿರೆಂದು ಹಾರೈಸುವುದು ರೂಢಿ. ನಾನು ಹಾಗೆ ಹಾರೈಸಲಾರೆ, ಮಾಸ್ತರರು ಮನ್ನಿಸಬೇಕು. ಮೊನ್ನೆ ಸಂತೆಯಲ್ಲಿ ನಮ್ಮವರ ಒಂದು ಪುಟ್ಟ ಹುಡುಗಿ, ಎದುರಿಗೆ ಬಂದ ಗೌಡರಿಗೆ ದಾರಿ ಬಿಡಲು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿದ್ದನ್ನು ಕಂಡೆ. ಕಂಡು ನನ್ನ ಉಸಿರೂ ನಿಂತಿತು. ಆದ್ದರಿಂದ ಆ ಕೈಗಳಿಗೆ ಬಲವಿರಲಿ, ಆಯುಸ್ಸು ದೀರ್ಘವಾಗಿರಲಿ, ಕೆಲಸ ಮುಗಿಯದಿರಲಿ. ನಮ್ಮ ಕೇರಿಯ ಮಕ್ಕಳೆಲ್ಲ ಹಾಗೆ ಕಚಗುಳಿಗೆ ನಗುವ ತನಕ ಮಾಸ್ತರರು ನಮ್ಮ ನಡುವೆ ಇರಬೇಕು.