ಕಡವೆ ಎಣಿಸಲು ಹೊಲಿಸಿದ ಪ್ಯಾಂಟು

ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಪ್ಯಾಂಟು ತೊಟ್ಟೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನೀವು ಕೇಳಬಹುದು. ನಿಮ್ಮ ಮನೆಯ ಹೆಣ್ಣುಮಕ್ಕಳು ಹುಟ್ಟಿದ ಮೂರು ತಿಂಗಳಿಗೇ ತೊಟ್ಟಿರುತ್ತಾರೆ. ಆದರೆ ಅರಕಲಗೂಡಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ದಿನಾ ಸೀರೆಯುಟ್ಟು, ಸೆರಗಿಗೆ ಪಿನ್ನು ಚುಚ್ಚಿಕೊಂಡು ಪ್ರಾಣಿಶಾಸ್ತ್ರ ಹೇಳಿದವಳಿಗೆ ಅದು ಗೊದಮೊಟ್ಟೆ ಕಪ್ಪೆಯಾದಷ್ಟು ಸುಲಭವಲ್ಲ. ಕಪ್ಪೆಗೆ ಬಾಲ ಕರಗಿದರೆ ಮುಗಿಯಿತು, ಊರು ಏನನ್ನುತ್ತದೆ ಎಂಬ ಚಿಂತೆಯಿಲ್ಲ.

ಇದಕ್ಕೆಲ್ಲ ಕಾರಣ ಒಂದು ಸುಳ್ಳು. ಮೆಲುಕು ಹಾಕುವ ಪ್ರಾಣಿಗಳ ಪಾಠ ನಡೆಯುತ್ತಿತ್ತು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನೀವು ಕಾಡಲ್ಲಿ ಕಡವೆ ನೋಡಿದೀರಾ?" ಎಂದಳು. "ಓ, ನೋಡಿದೀನಲ್ಲ" ಎಂದುಬಿಟ್ಟೆ. ನಾನು ನೋಡಿದ್ದು ಗೋಡೆಯ ಚಾರ್ಟಿನಲ್ಲಿ. ಆ ಚಾರ್ಟಿನ ಹಿಂದೆ ಹಲ್ಲಿ ಮನೆಮಾಡಿಕೊಂಡಿದ್ದರಿಂದ ಆಗಾಗ ಕಡವೆಯ ಕೊಂಬಿನ ನಡುವೆ ಬಾಲವೊಂದು ಅಲ್ಲಾಡುತ್ತಿತ್ತು, ಅಷ್ಟೇ ನನಗೆ ಗೊತ್ತಿದ್ದ ವನ್ಯಜೀವನ. ಹುಡುಗಿ ನಂಬಿ ಕುಳಿತಳು. ಅವಳು ನಂಬಿದ್ದೇ ನನಗೆ ಚುಚ್ಚಿತು. ಅದೇ ವಾರ ಪ್ರಾಣಿ ಗಣತಿಗೆ ಸ್ವಯಂಸೇವಕರು ಬೇಕೆಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದಾಗ, ಹಿಂದುಮುಂದು ನೋಡದೆ ಹೆಸರು ತುಂಬಿಸಿದೆ. ಈ ವಯಸ್ಸಿನವಳನ್ನು ಯಾರು ಆರಿಸುತ್ತಾರೆ ಎಂಬ ಧೈರ್ಯ. ಆರಿಸಿಬಿಟ್ಟರು.

ಆಮೇಲೆ ಸೂಚನೆಗಳ ಪಟ್ಟಿ ಬಂತು. ಮಾಸಲು ಬಣ್ಣದ ಉದ್ದನೆಯ ಪ್ಯಾಂಟು, ತುಂಬುತೋಳಿನ ಅಂಗಿ, ಕ್ಯಾನ್ವಾಸ್ ಶೂ, ಪದರ ಪದರವಾಗಿ ಹಾಕಿ ತೆಗೆಯಬಹುದಾದ ಬೆಚ್ಚನೆಯ ಬಟ್ಟೆ. ಬಿಳಿ, ಕೆಂಪು, ಹಳದಿ ಬೇಡ. ದುಪಟ್ಟಾ ಮುಳ್ಳಿಗೆ ಸಿಕ್ಕುತ್ತದೆ, ಬೇಡ. ಆನೆ ಎದುರಾದರೆ ಜೊತೆಗಿರುವ ವಾಚರ್ ಹೇಳಿದಂತೆ ಮಾತ್ರ ನಡೆದುಕೊಳ್ಳಬೇಕು. ಬುದ್ಧಿಯಿರುವ ಯಾರೇ ಆದರೂ ಕೊನೆಯ ಸಾಲಿಗೆ ಹೆದರಬೇಕು. ನಮ್ಮ ಜಿಲ್ಲೆಯಲ್ಲಿ ಆನೆ ಎಂದರೆ ಏನೆಂದು ಹೊಸದಾಗಿ ಹೇಳಬೇಕಿಲ್ಲ. ನಾನು ಮಾತ್ರ ಮೊದಲನೆಯ ಸಾಲಿಗೆ ಹೆದರಿದೆ. ಮನಸ್ಸು ಹಾಗೇ ಅಲ್ಲವೆ? ಹೊರಲಾರದ ದೊಡ್ಡ ಭಯವನ್ನು ಅತ್ತ ಇಟ್ಟು, ಕೈಗೆ ಸಿಗುವ ಚಿಕ್ಕದೊಂದನ್ನು ಎತ್ತಿಕೊಂಡು ಹದಿನೈದು ದಿನ ಮುದ್ದಾಡುತ್ತದೆ.

ನಮ್ಮ ಯಜಮಾನರಿಗೆ ಹೇಳಿದೆ. ಅವರು ಗೊಬ್ಬರದ ಅಂಗಡಿ ಇಟ್ಟಿರುವವರು, ಎಲ್ಲಕ್ಕೂ ಒಂದೇ ಮಾತಿನ ಪರಿಹಾರ. "ಸೀರೆ ಎತ್ತಿ ಸಿಕ್ಕಿಸ್ಕೊಂಡು ಓಗು" ಎಂದರು. ಆಮೇಲೆ ಪೇಪರಿನಿಂದ ತಲೆಯೆತ್ತದೆ, "ಆನೆ ಬಂದ್ರೆ ನಿಂಗೆ ಓಡಕ್ಕಾಯ್ತದಾ?" ಎಂದು ಕೇಳಿದರು. ಕೇಳಿ ಪುಟ ಮಗುಚಿದರು.

ಓದಿದವಳಲ್ಲವೆ, ಓದಿಯೇ ತಿಳಿಯೋಣವೆಂದು ಮೊಬೈಲು ಹಿಡಿದು ಕುಳಿತೆ. ಹಿಂದೆ ಕಾಫಿ ತೋಟದ ದೊರೆಗಳು ನಮ್ಮ ಕಡವೆಯನ್ನು 'ಎಲ್ಕ್' ಎಂದು ಕರೆಯುತ್ತಿದ್ದರಂತೆ. ತಮ್ಮ ಕಡೆಯ ಪ್ರಾಣಿಯ ಹೆಸರನ್ನು ನಮ್ಮದಕ್ಕೆ ಕಟ್ಟಿ ಹೋದವರು ಅವರು. ಆ ಹೆಸರಿಟ್ಟು ಹುಡುಕಿದರೆ ಅಮೆರಿಕದ ಗಡ್ಡದ ಮನುಷ್ಯನೊಬ್ಬ ಸಿಕ್ಕಿದ. ಎಲ್ಕ್ ಬೇಟೆಗೆ ಹೋಗುವಾಗ ಎಂಥ ಪ್ಯಾಂಟು, ಒಳಗೆ ಯಾವ ಪದರ, ನಡುವೆ ಯಾವುದು, ಮೇಲೆ ಯಾವುದು ಎಂದು ಮುಕ್ಕಾಲು ಗಂಟೆ ಹೇಳಿದ. ಅಷ್ಟು ಹೊತ್ತಿನಲ್ಲಿ ಎಲ್ಕಿನ ಸುದ್ದಿ ಒಂದೇ ಸಲ ಬಂತು. ಕೋವಿ ಹಿಡಿದ ಆರಡಿ ಗಂಡಸಿಗೇ ಪ್ಯಾಂಟಿನ ಚಿಂತೆ ಇಷ್ಟಿದೆಯಲ್ಲ ಎಂದು ನನಗೆ ಎಷ್ಟೋ ಸಮಾಧಾನವಾಯಿತು. ನಮ್ಮ ಬೇಲೂರಿನ ಗುಡಿಯಲ್ಲೂ ಬಿಲ್ಲು ಹಿಡಿದ ಬೇಟೆಗಾತಿಯೊಬ್ಬಳಿದ್ದಾಳೆ, ನೀವು ನೋಡಿರುತ್ತೀರಿ. ಮೈತುಂಬ ಒಡವೆ, ಬಟ್ಟೆಯ ವಿಷಯದಲ್ಲಿ ಮಾತ್ರ ಬಹಳ ಜಿಪುಣಿ. ಹೊಯ್ಸಳರ ಕಾಲದಲ್ಲಿ ಜನವರಿಯ ಚಳಿ ಇರಲಿಲ್ಲವೋ ಏನೋ.

ಅರಕಲಗೂಡಿನಲ್ಲಿ ಪ್ಯಾಂಟು ಕೊಂಡರೆ ಸಂಜೆಯೊಳಗೆ ಸ್ಟಾಫ್ ರೂಮಿಗೆ ಸುದ್ದಿ ಬರುತ್ತದೆಂದು ಭಾನುವಾರ ಹಾಸನದ ಬಸ್ಸಿಗೆ ಹೊರಟೆ. ಅತ್ತೆ ಜಗುಲಿಯಲ್ಲಿ ಕುಳಿತಿದ್ದರು. ಎಂಬತ್ತು ದಾಟಿದವರು. ಪೊರೆ ಬಂದು ಕಣ್ಣು ಮಂಜು, ಕಿವಿ ಮಾತ್ರ ಹೊಸದರ ಹಾಗಿದೆ. ಪ್ಯಾಂಟಿಗೆ ಅವರ ಕಾಲದ ಮಾತು ಷರಾಯಿ. ಅವರ ಬಾಯಲ್ಲಿ ಅದು ಸರಾಯಿ.

"ಏನವ್ವ, ಸರಾಯಿ ತರಕ್ಕೆ ಆಸನಕ್ಕೇ ಓಗ್ಬೇಕಾ? ಇಲ್ಲಿ ಸಿಕ್ಕಲ್ವಾ?" ಎಂದು ಗಟ್ಟಿಯಾಗಿ ಕೇಳಿದರು. ಪಕ್ಕದ ಕಾಂಪೌಂಡಿನಲ್ಲಿ ಬಟ್ಟೆ ಹರವುತ್ತಿದ್ದಾಕೆ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಮೇಡಂ ಸಾರಾಯಿ ತರಲು ಹೊರಟಿದ್ದಾರೆಂದು ಆಕೆಗೆ ಕೇಳಿಸಿರಬೇಕು. ಪ್ಯಾಂಟು ಎಂದು ಬಿಡಿಸಿ ಹೇಳಲು ನನಗೆ ಇನ್ನೂ ನಾಚಿಕೆಯಾಗಿ, ಹಾಗೇ ನಡೆದೆ.

ಹಾಸನದ ಅಂಗಡಿಯಲ್ಲಿ ಹೆಂಗಸರ ಪ್ಯಾಂಟುಗಳಿಗೆ ಜೇಬಿರಲಿಲ್ಲ, ಕೆಲವಕ್ಕೆ ಮಂಡಿಯೂ ಇರಲಿಲ್ಲ. ಕೊನೆಗೆ ಗಂಡಸರ ವಿಭಾಗದಲ್ಲಿ, ಯಜಮಾನರಿಗೆ ಎಂದು ಸುಳ್ಳು ಹೇಳಿ (ಎರಡನೆಯ ಸುಳ್ಳು), ಆರು ಜೇಬಿನ ಹಸಿರು ನೈಲಾನ್ ಪ್ಯಾಂಟು ತಂದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ತೊಟ್ಟು ಎರಡು ಹೆಜ್ಜೆ ಇಟ್ಟೆ.

"ಅದೇನವ್ವ, ಒಣಗಿದ ಬಾಳೆಸೋಗೆ ಮ್ಯಾಲೆ ನಡ್ದಂಗೆ ಸದ್ದು?" ಹೊರಗಿನಿಂದ ಅತ್ತೆಯ ದನಿ.

"ಪ್ಯಾಂಟು ಅತ್ತೆ."

"ಇದ ಇಕ್ಕೊಂಡು ಕಡವೆ ನೋಡಕ್ಕೆ ಓಯ್ತೀಯಾ? ಅದ್ರ ಕಿವಿ ಮೊರದಗಲ ಇರ್ತದೆ ಕಣವ್ವ. ನೀನಿಲ್ಲಿ ಕಾಲೆತ್ತದ್ರೊಳಗೆ ಅದು ಬೆಟ್ಟ ಅತ್ತಿರ್ತದೆ."

ಬಾಗಿಲು ತೆಗೆದು ಬಂದು ಅವರ ಪಕ್ಕ ಕುಳಿತೆ. ಮೂವತ್ತು ವರ್ಷದಲ್ಲಿ ನನಗೆ ಹೇಳದೇ ಇದ್ದದ್ದನ್ನು ಅವರು ಅವತ್ತು ಹೇಳಿದರು. ಅವರ ತವರು ಆಲೂರಿನಾಚೆ, ಕಾಡಂಚು. ತಂದೆ ಬೇಟೆಯಾಡುತ್ತಿದ್ದವರು.

"ನಂಗೊಂದು ಒಂಬತ್ತೋ ಅತ್ತೋ ವರ್ಸ. ನಾನೂ ಬತ್ತೀನಿ ಅಂತ ಅಟ ಮಾಡ್ದೆ. ಲಂಗ ಮುಳ್ಳಿಗೆ ಸಿಕ್ಕಿ ಸದ್ದಾಯ್ತದೆ ಅಂತ ನಮ್ಮಪ್ಪ ನಮ್ಮಣ್ಣನ ಚಡ್ಡಿ ಇಕ್ಕಿ ಕರ್ಕೊಂಡೋಯ್ತು. ಎಣ್ಣು ಕಡವೆ. ಬಿದ್ದಿತ್ತು, ಇನ್ನೂ ಜೀವ ಓಗಿರ್ನಿಲ್ಲ. ಕಣ್ಣ ಕೆಳಗಿಂದ ನೀರು ಇಳೀತಿತ್ತು ಕಣವ್ವ. ನಾನು ಅಳಕ್ಕೆ ಸುರು ಅಚ್ಕೊಂಡೆ. ಆಮ್ಯಾಕೆ ನಮ್ಮಪ್ಪ ತಿರ್ಗಾ ಕೋವಿ ಮುಟ್ನಿಲ್ಲ."

ಕಡವೆಯ ಕಣ್ಣ ಕೆಳಗಿರುವುದು ಒಂದು ಗ್ರಂಥಿ, ಹೆದರಿದಾಗ ಅದು ತೆರೆದುಕೊಂಡು ಒಸರುತ್ತದೆ, ಅಳು ಅಲ್ಲ. ಹೀಗೆಂದು ಪ್ರತಿವರ್ಷ ಪಾಠದಲ್ಲಿ ಹೇಳುವವಳು ನಾನು. ಅವತ್ತು ಹೇಳಲಿಲ್ಲ.

"ಮೆತ್ತನೆ ನೂಲಿನ ಬಟ್ಟೇಲಿ ಒಲಿಸ್ಕೊ" ಎಂದರು ಅತ್ತೆ. "ಓಗಿ ನೋಡ್ಕಂಬಾ. ನೋಡಿ ಸುಮ್ಕೆ ಬಾ."

ಹೊಲಿಯುವವರನ್ನು ಹುಡುಕಿ ಹೊಳೆನರಸೀಪುರಕ್ಕೆ ಹೋದೆ. ಅಲ್ಲಿ ಬಾಷಾ ಸಾಬರೆಂಬ ಹಳೆಯ ಟೈಲರ್ ಇದ್ದಾರೆ, ಖಾಕಿ ಹೊಲಿದು ಕೈ ಪಳಗಿದವರು. ವಿಷಯ ಕೇಳಿ ನಗುತ್ತಾರೆಂದುಕೊಂಡಿದ್ದೆ. ಅವರು ನಗದೆ ಕನ್ನಡಕ ಏರಿಸಿದರು.

"ಕಾಡಿಗಾದ್ರೆ ಸೊಂಟ ಆಮೇಲೆ ಮೇಡಂ, ಮೊದ್ಲು ಮಂಡಿ. ಒಂದ್ಸಲ ಕುಕ್ಕರುಗಾಲಲ್ಲಿ ಕೂತ್ಕೊಳಿ."

"ಇಲ್ಲೇ?"

"ಇಲ್ಲೇ. ಆನೆ ಬಂದಾಗ ಪ್ಯಾಂಟ್ ಹರಿದ್ರೆ ನನ್ನ ಹೆಸರು ಹೋಗ್ತದೆ."

ಎರಡು ಹೊಲಿಗೆ ಮಿಷನ್ನುಗಳ ನಡುವೆ, ಕಾಟನ್ ಸೀರೆಯಲ್ಲಿ, ಪ್ರಾಣಿಶಾಸ್ತ್ರದ ಉಪನ್ಯಾಸಕಿ ಕುಕ್ಕರುಗಾಲಲ್ಲಿ ಕುಳಿತಳು. ಎದ್ದ ಮೇಲೆ ಸಾಬರು ಟೇಪನ್ನು ನನ್ನ ಕೈಗೇ ಕೊಟ್ಟು, ಸುತ್ತಿ ಹಿಡಿದುಕೊಳ್ಳಲು ಹೇಳಿ, ದೂರದಿಂದ ಅಂಕಿ ಓದಿದರು. ಸೊಂಟದ ಅಂಕಿ ಬಂದಾಗ ದನಿ ಎಷ್ಟು ತಗ್ಗಿಸಿದರೆಂದರೆ ನನಗೇ ಕೇಳಿಸಲಿಲ್ಲ. ಆ ಮರ್ಯಾದೆಗೆ ನಾನು ಋಣಿ. ನೀವೂ ಆ ಅಂಕಿ ಕೇಳಬೇಡಿ.

ಇನ್ನು ಪದರಗಳು. ಹಿಂದಿನ ಸಂಜೆಯೇ ಇಲಾಖೆಯ ಕ್ಯಾಂಪಿಗೆ ಹೋಗಿ ತಂಗಿ, ಬೆಳಗ್ಗೆ ಕಾಡಿಗೆ ಹೊರಟಾಗ ನಾನು ಒಳಗೊಂದು ಉಣ್ಣೆಯ ಬನಿಯನ್ನು, ಅದರ ಮೇಲೆ ಯಜಮಾನರ ಅಂಗಿ, ಅದರ ಮೇಲೆ ಅವರದೇ ಕಾಫಿಬಣ್ಣದ ಸ್ವೆಟರು, ಮೇಲೊಂದು ಜರ್ಕಿನ್, ತಲೆಗೆ ಮಫ್ಲರು ಹಾಕಿಕೊಂಡಿದ್ದೆ. ಕೈ ಕೆಳಗಿಳಿಸಿದರೆ ಮೈಗೆ ತಾಗುತ್ತಿರಲಿಲ್ಲ. ನನ್ನ ಜೊತೆಗೆ ಕಳಿಸಿದ ವಾಚರ್ ಈರಯ್ಯ, ನನ್ನ ವಯಸ್ಸಿನವನೇ, ಸವೆದ ಖಾಕಿ ಅಂಗಿಯ ಮೇಲೆ ಒಂದು ಟವೆಲ್ಲು ಹೊದ್ದು ನಿಂತಿದ್ದ. ಹೊತ್ತು ಹುಟ್ಟುವ ವೇಳೆಗೆ ನಡಿಗೆ ಸುರುವಾಯಿತು. ಅರ್ಧ ಗಂಟೆ ಏರು ಹತ್ತುವಷ್ಟರಲ್ಲಿ ನಾನು ಬೆವರಿ ನೀರಾಗಿದ್ದೆ.

"ಮೇಡಂ, ಒಂದೊಂದೇ ಬಿಚ್ಚಿ ಕೊಡಿ, ಎತ್ಕತೀನಿ" ಎಂದ ಈರಯ್ಯ. ಜರ್ಕಿನ್ ಒಂದು ಭುಜಕ್ಕೆ, ಸ್ವೆಟರು ಇನ್ನೊಂದಕ್ಕೆ, ಮಫ್ಲರು ಕೊರಳಿಗೆ. ಹದಿನೈದು ದಿನದ ನನ್ನ ಚಿಂತೆಯೆಲ್ಲ ಅವನ ಮೈಮೇಲೆ ನೇತಾಡತೊಡಗಿತು.

ಹಳ್ಳವೊಂದರ ಹತ್ತಿರ ಬಂದಾಗ ಅವನು ತಟ್ಟನೆ ನಿಂತ. ಎದುರಿನ ದಡದಲ್ಲಿ ಬಿದಿರು ಮುರಿಯುವ ಸದ್ದು. ಈರಯ್ಯ ತಿರುಗದೆಯೇ ಅಂಗೈ ಕೆಳಗೆ ಒತ್ತಿ ತೋರಿಸಿದ. ಕುಕ್ಕರಿಸಿ ಕುಳಿತೆ. ನಾನು ಅಷ್ಟು ದಿನ ಅತ್ತ ಇಟ್ಟಿದ್ದ ದೊಡ್ಡ ಭಯ ಈಗ ಎದ್ದು ಬಂದು ಎದುರು ನಿಂತಿತ್ತು. ಮತ್ತೆ ಲಟ್ ಎಂದು ಸದ್ದು, ಈ ಸಲ ಇನ್ನೂ ಹತ್ತಿರ. ಆನೆಯ ಹೊಟ್ಟೆಯೊಳಗಿಂದ ಗುಡುಗಿದಂಥ ಉಸಿರು. ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿದೆ. ಬೆರಳಿಗೆ ಮಡಿಸಿದ ಚೀಟಿ ಸಿಕ್ಕಿತು. ಅದರಲ್ಲಿ ನನ್ನ ಹೆಸರು, ರಕ್ತದ ಗುಂಪು, ನಮ್ಮ ಯಜಮಾನರ ಮೊಬೈಲ್ ನಂಬರು, ಅವರದೇ ಅಕ್ಷರ. ಗೊಬ್ಬರದ ಚೀಟಿ ಬರೆಯುವ ಹಾಗೆ ಗಟ್ಟಿಯಾಗಿ ಒತ್ತಿ ಬರೆದಿದ್ದರು. ಯಾವಾಗ ಇಟ್ಟರೋ, ನನಗೆ ಒಂದು ಮಾತು ಹೇಳಿರಲಿಲ್ಲ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕುಳಿತೆ. ತಾಯಾನೆ, ಹಿಂದೊಂದು ಮರಿ, ಬಿದಿರಿನ ಸಂದಿಯಲ್ಲಿ ಬೂದುಬಣ್ಣದ ಗೋಡೆ ಜಾರಿದ ಹಾಗೆ ದಾಟಿಹೋದವು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕಾಲು ಜೋಮು ಹಿಡಿದಿತ್ತು.

ಏಳಲು ಹೊರಟವಳನ್ನು ಈರಯ್ಯ ಮತ್ತೆ ತಡೆದು ಗಲ್ಲದಿಂದ ಎಡಕ್ಕೆ ತೋರಿಸಿದ. ಹಳ್ಳದ ನೀರಿಗೆ ಕಾಲಿಟ್ಟು ಕಡವೆ ನಿಂತಿತ್ತು. ಹೆಣ್ಣು. ಯಾವಾಗ ಬಂದಿತ್ತೋ, ಒಂದು ಎಲೆಯ ಸದ್ದೂ ಆಗಿರಲಿಲ್ಲ. ಒದ್ದೆ ಮಣ್ಣಿನ ಬಣ್ಣ, ಮೊರದಂಥ ಕಿವಿಗಳು, ಕಣ್ಣ ಕೆಳಗೆ ಆ ಕಪ್ಪು ಗೀರು. ನನ್ನ ಕಡೆಗೆ ತಿರುಗಿ ಮುಂಗಾಲನ್ನು ಒಮ್ಮೆ ನೆಲಕ್ಕೆ ಬಡಿಯಿತು. ಇಬ್ಬರೂ ಹೆದರಿದ್ದೆವು, ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಅದು ತಲೆ ತಗ್ಗಿಸಿ ನೀರು ಕುಡಿಯಿತು. ಕುಡಿದು, ಬಂದ ಹಾಗೇ ಹೋಯಿತು.

"ಬರ್ಕೊಳಿ ಮೇಡಂ" ಎಂದು ಈರಯ್ಯ ಪಿಸುಗುಟ್ಟಿದ. ಕಡವೆ, ಹೆಣ್ಣು, ಒಂದು ಎಂದು ಬರೆದೆ. ಅಕ್ಷರ ಯಾರದೋ ಎಂಬಂತಿತ್ತು. ನಾನು ತರಗತಿಯಲ್ಲಿ ಹೇಳಿದ ಸುಳ್ಳು ಮೂರು ತಿಂಗಳು ತಡವಾಗಿ ನಿಜವಾಯಿತು. ಅಷ್ಟು ಹೊತ್ತೂ ನಾನು ಪ್ಯಾಂಟು ತೊಟ್ಟಿದ್ದೇನೆಂಬುದು ನೆನಪೇ ಇರಲಿಲ್ಲವೆಂದು ಹೊಳೆದದ್ದು ಇಳಿಜಾರಿನಲ್ಲಿ.

ನೆನಪಾದದ್ದೇ ತಡ, ಹಳೆಯ ದಿಗಿಲು ಮರಳಿತು. ಹಾಸನದಲ್ಲಿ ಸೀರೆ ಬದಲಾಯಿಸಿಕೊಂಡು ಊರ ಬಸ್ಸು ಹತ್ತಬೇಕೆಂದು ಚೀಲದಲ್ಲಿ ಸೀರೆ ಇಟ್ಟುಕೊಂಡಿದ್ದೆ. ಹಳ್ಳ ದಾಟುವಾಗ ಚೀಲ ನೀರಲ್ಲಿ ನೆನೆದಿತ್ತು, ಸೀರೆ ಹಿಂಡಿದರೆ ಒಂದು ಚೊಂಬು ನೀರು. ಹಾಗೇ, ಮಂಡಿಯವರೆಗೆ ಕೆಸರು ಮೆತ್ತಿದ ಪ್ಯಾಂಟಿನಲ್ಲಿ, ಮಧ್ಯಾಹ್ನದ ಅರಕಲಗೂಡು ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿ ಕುಳಿತೆ.

ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಪ್ಯಾಂಟನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಮಂಡಿಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

"ನೂಲಿಂದಾ?" ಎಂದಳು.

"ಹೂಂ."

"ಗಟ್ಟಿಯಾಗೈತೆ. ಸುಂಠಿ ಕೀಳಕ್ಕೆ ಓಯ್ತೀವಲ್ಲ, ಸೀರೆ ಎಲ್ಲಾ ಕೆಸರಾಗಿ ಕಾಲಿಗೆ ಸುತ್ಕತದೆ. ಮ್ಯಾಲೆ ಗಂಡಂದು ಅಂಗಿ ಇಕ್ಕತೀವಿ, ಅದ್ಕೆ ಯಾರೂ ಏನೂ ಅನ್ನಲ್ಲ. ಕೆಳಕ್ಕೆ ಇಕ್ಕಕ್ಕೆ ಮಾತ್ರ ನಾಚ್ಕೆ. ಇಂಗ್ಯಾಕೆ ಅಂತೀರಾ?"

ನನಗೆ ಗೊತ್ತಿಲ್ಲ ಎಂದೆ. ನಾಚಿಕೆ ಸೊಂಟದಿಂದ ಕೆಳಗೆ ಯಾಕೆ ಸುರುವಾಗಬೇಕೆಂದು ಯಾವ ಪ್ರಾಣಿಶಾಸ್ತ್ರದಲ್ಲೂ ಬರೆದಿಲ್ಲ.

"ಇಂದಗಡೆ ಎಂಗೆ ಒಲ್ದವ್ರೆ? ಒಂದ್ಸಲ ಎದ್ದು ತಿರುಗ್ರವ್ವ, ನೋಡ್ತೀನಿ."

ಬಸ್ಸು ತುಂಬಿತ್ತು. ಹಿಂದಿನ ಸೀಟಿನ ಇಬ್ಬರು ಹೆಂಗಸರೂ ಕತ್ತು ಮುಂದೆ ಚಾಚಿದ್ದರು. ಕಂಡಕ್ಟರು ಟಿಕೇಟಿನ ಮಿಷನ್ನು ಹಿಡಿದು ದಾರಿಯಲ್ಲಿ ನಿಂತಿದ್ದ. ನಾನು ಎದ್ದೆ. ಮೇಲಿನ ಕಂಬಿ ಹಿಡಿದುಕೊಂಡು, ಓಡುವ ಬಸ್ಸಿನಲ್ಲಿ, ಒಂದು ಸುತ್ತು ನಿಧಾನವಾಗಿ ತಿರುಗಿದೆ.

ಜನ ನೋಡಿಬಿಟ್ಟರೆ ಎಂದು ಅಷ್ಟು ದಿನ ಹೆದರಿದ್ದೆನಲ್ಲ, ಜನ ನೋಡಿಯೇ ನೋಡಿದರು. ಆದರೆ ಅವರು ನೋಡುತ್ತಿದ್ದದ್ದು ಹೊಲಿಗೆಯನ್ನು.

"ಚೆಂದಾಗೈತೆ" ಎಂದಳು ಆಕೆ, ಸ್ವಲ್ಪ ಯೋಚಿಸಿ. "ಜೇಬು ಒಸಿ ದೊಡ್ಡದು ಬುಟ್ಟಿದ್ರೆ ಕುಡ್ಗೋಲೂ ಇಟ್ಕಬೋದಾಗಿತ್ತು."