ಪಾಯಿಂಟ್ ನಾಲ್ಕು ನರ್ಸ್

ಒಬ್ಬ ನರ್ಸನ್ನು ತುಂಡು ಮಾಡಿ ಹಂಚಬಹುದು ಎಂದು ನನಗೆ ಗೊತ್ತಾಗಿದ್ದು ಸ್ಯಾನ್ ಡಿಯೇಗೊದ ನಮ್ಮ ಸ್ಕೂಲ್ ಬೋರ್ಡಿನ ಸಭೆಯಲ್ಲಿ. ಪರದೆಯ ಮೇಲೆ ಮುಂದಿನ ವರ್ಷದ ಬಜೆಟ್ ಹಾಕಿದ್ದರು. ನನ್ನ ಮಗಳ ಶಾಲೆಯ ಸಾಲಿನಲ್ಲಿ ನರ್ಸ್ ಎಂಬ ಕಡೆ ಒಂದು ಇದ್ದದ್ದು ಪಾಯಿಂಟ್ ನಾಲ್ಕು ಆಗಿತ್ತು. ಹಾಗೆಂದರೇನು ಎಂದು ಪಕ್ಕದಲ್ಲಿ ಕೂತಿದ್ದ ಟೀಚರನ್ನು ಕೇಳಿದೆ. ವಾರಕ್ಕೆ ಎರಡು ದಿನ ಇಲ್ಲಿರುತ್ತಾರೆ, ಉಳಿದ ದಿನ ಬೇರೆ ಶಾಲೆಗಳಲ್ಲಿ ಎಂದರು.

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಐದನೆಯ ವಯಸ್ಸಿನಿಂದ ಡಯಾಬಿಟಿಸ್. ಊಟಕ್ಕೆ ಮುಂಚೆ ಅವಳು ಏನು, ಎಷ್ಟು ತಿನ್ನುತ್ತಾಳೆಂದು ನೋಡಿ ಇನ್ಸುಲಿನ್ ಚುಚ್ಚಬೇಕು. ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಆ ಕೆಲಸ ಶಾಲೆಯ ನರ್ಸ್ ಮಾಡುತ್ತಿದ್ದರು. ನೀರುದೋಸೆಯಲ್ಲಿ ಏನೇನಿರುತ್ತದೆ ಎಂದು ಮೊದಲ ವಾರವೇ ನನ್ನಿಂದ ಕೇಳಿ ತಿಳಿದುಕೊಂಡಿದ್ದರು. ಅವರಿದ್ದಾರೆಂಬ ಧೈರ್ಯದಲ್ಲೇ ನಾನು ಸೊರೆಂಟೊ ವ್ಯಾಲಿಯ ಲ್ಯಾಬಿನಲ್ಲಿ ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದೆ. ಈ ಕಾಯಿಲೆ ವಾರಕ್ಕೆ ಎರಡು ದಿನ ಬಂದುಹೋಗುವಂಥದ್ದಲ್ಲ.

ಬೋರ್ಡಿನವರು ಬಹಳ ಸಮಾಧಾನದಿಂದ ವಿವರಿಸಿದರು. ಕೋವಿಡ್ ಹೊತ್ತಿಗೆ ಬಂದ ಹಣ ಮುಗಿದಿದೆ. ಮಕ್ಕಳ ಸಂಖ್ಯೆ ಇಳಿದಿದೆ, ಹಾಗಾಗಿ ರಾಜ್ಯದಿಂದ ಬರುವ ದುಡ್ಡೂ ಇಳಿದಿದೆ. ಬಜೆಟನ್ನು ಕೌಂಟಿಯ ಶಿಕ್ಷಣ ಕಚೇರಿ ಒಪ್ಪಬೇಕು, ಈ ವರ್ಷದ್ದಷ್ಟೇ ಅಲ್ಲ, ಮುಂದಿನ ಎರಡು ವರ್ಷದ ಲೆಕ್ಕವೂ ಸರಿಹೋಗಬೇಕು. ಅದರ ಮೇಲೆ ಟೀಚರ್‌ಗಳ ಸಂಬಳ ಬೇರೆ ಏರಿದೆ. ಈ ಮಾತು ಹೇಳುವಾಗ ಅವರ ದನಿಯಲ್ಲಿ, ನರ್ಸನ್ನು ಕಡಿದದ್ದು ಟೀಚರ್‌ಗಳೇ ಎಂಬ ಧಾಟಿ ಇತ್ತು. ಹತ್ತಿರದಲ್ಲಿ ಬಾಡಿಗೆ ಕೊಡಲಾಗದೆ ದಿನಾ ದೂರದಿಂದ ಡ್ರೈವ್ ಮಾಡಿಕೊಂಡು ಬರುವ ನನ್ನ ಪಕ್ಕದ ಟೀಚರ್ ತಲೆ ತಗ್ಗಿಸಿಕೊಂಡರು. ಅವರು ಯಾಕೆ ತಗ್ಗಿಸಬೇಕು? ಅದೇ ಪರದೆಯ ಮೇಲೆ ಕೇಂದ್ರ ಕಚೇರಿಯ ಹೊಸ ಡೈರೆಕ್ಟರ್ ಹುದ್ದೆ ಇಡಿಯಾಗಿ ಒಂದು ಎಂದೇ ಕೂತಿತ್ತು. ಡೈರೆಕ್ಟರನ್ನು ಯಾರೂ ತುಂಡು ಮಾಡಿರಲಿಲ್ಲ.

ಕೊನೆಯಲ್ಲಿ, ಈ ಕಡಿತದಿಂದ ವಿದ್ಯಾರ್ಥಿಗಳ ಮೇಲೆ ನೇರ ಪರಿಣಾಮವಿಲ್ಲ ಎಂದು ತೋರಿಸಿದರು. ನರ್ಸ್ ಇಲ್ಲದ ದಿನ ತರಬೇತಿ ಪಡೆದ ಆಫೀಸ್ ಸಿಬ್ಬಂದಿ ನೋಡಿಕೊಳ್ಳುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಸಾರ್ವಜನಿಕರಿಗೆ ಮಾತಾಡಲು ತಲಾ ಒಂದು ನಿಮಿಷ. ನಾನು ಮಗಳ ಕಾಯಿಲೆ ಯಾವುದೆಂದು ಹೇಳಿ ಮುಗಿಸುವಷ್ಟರಲ್ಲಿ ಮೈಕ್ ಆಫ್ ಆಯಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದಕ್ಕೆ ಮಾತ್ರ ಇವರಿಗೆ ಮೂರು ವರ್ಷದ ಯೋಜನೆ.

ಇನ್ನೊಂದು ದಾರಿ ಇತ್ತು. ನಮ್ಮ ಶಾಲೆಯ ತಂದೆತಾಯಿಯರು ಚಂದಾ ಎತ್ತಿ ಒಂದು ನಿಧಿ ನಡೆಸುತ್ತಾರೆ. ಸರ್ಕಾರ ಕೊಡದ ಟೀಚರ್‌ಗಳಿಗೆ ಅದರಿಂದ ಸಂಬಳ. ಬಡವರ ಕಡೆಯ ಶಾಲೆಗಳಿಗೆ ಆ ಭಾಗ್ಯವೂ ಇಲ್ಲ. ನಿಧಿಯ ಖಜಾಂಚಿ ನಮ್ಮವರೇ, ಬೆಂಗಳೂರಿನ ಎಂಜಿನಿಯರ್. ಯುಗಾದಿಗೆ ನಾವು ಅವರ ಮನೆಯಲ್ಲೇ ಒಬ್ಬಟ್ಟು ತಿನ್ನುವುದು. ಆ ವರ್ಷದ ಹಣ ರೊಬಾಟಿಕ್ಸ್ ಕೋಚ್‌ಗೆ ಕೊಡುವುದೋ, ನರ್ಸ್‌ನ ಉಳಿದ ದಿನಗಳಿಗೋ ಎಂದು ಶಾಲೆಯ ಲೈಬ್ರರಿಯಲ್ಲಿ ಸಭೆ ಸೇರಿತು.

"ನೋಡಿ, ನರ್ಸ್ ಅಂದ್ರೆ ಒಂದಿಬ್ರು ಮಕ್ಕಳಿಗೆ. ರೊಬಾಟಿಕ್ಸ್ ಎಲ್ಲರಿಗೂ ಆಗತ್ತೆ," ಎಂದರು ಖಜಾಂಚಿ. "ಇಂಥದ್ದನ್ನೆಲ್ಲ ಎಮೋಷನಲ್ ಆಗಿ ಡಿಸೈಡ್ ಮಾಡಕ್ಕಾಗಲ್ಲ."

"ನಿಮ್ಮ ಮಗನಿಗೆ ಬಂದಿದ್ರೆ ಲೆಕ್ಕ ಹೀಗೇ ಹಾಕ್ತಿದ್ರಾ?" ಎಂದೆ.

ಅವರು ಮತಕ್ಕೆ ಹಾಕಿ ಎಲ್ಲರ ಕೈ ಎತ್ತಿಸಿದರು. ರೊಬಾಟಿಕ್ಸ್ ಗೆದ್ದಿತು. ಕಾರಿನಲ್ಲಿ ನನ್ನ ಗಂಡ, "ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಮಾರಾಯ್ತಿ, ನಾಳೆ ಅವರ ಮುಖ ನೋಡ್ಬೇಕಲ್ಲ," ಎಂದರು. ನಾನು ಮನೆ ಸೇರುವವರೆಗೂ ಗಂಡನ ಮುಖವನ್ನೇ ನೋಡಲಿಲ್ಲ.

ಶಾಲೆ ಶುರುವಾಯಿತು. ತರಬೇತಿ ಪಡೆದ ಸಿಬ್ಬಂದಿ ಎಂದರೆ ಆಫೀಸಿನ ಸೆಕ್ರೆಟರಿ ಒಬ್ಬರೇ. ಫೋನು, ಬಾಗಿಲು, ಮೂಗಿನಲ್ಲಿ ರಕ್ತ ಬಂದ ಮಕ್ಕಳು, ಎಲ್ಲಕ್ಕೂ ಅವರೇ. ಈಗ ಸೂಜಿಯನ್ನೂ ಅವರ ಕೈಗೆ ಕೊಟ್ಟರು, ಸಂಬಳಕ್ಕೆ ಒಂದು ಡಾಲರ್ ಸೇರಿಸಲಿಲ್ಲ. ತಪ್ಪಾದರೆ ಏನು ಗತಿ ಎಂದು ಹೆದರಿ, ಪ್ರತಿ ಸಲ ಚುಚ್ಚುವ ಮುಂಚೆ ಆಕೆ ನನಗೆ ಫೋನ್ ಮಾಡುತ್ತಿದ್ದರು. ನಾನು ಮೀಟಿಂಗ್ ಬಿಟ್ಟು ಎದ್ದು ಹೋಗುತ್ತಿದ್ದೆ. ಅಷ್ಟು ಹೊತ್ತೂ ಮಗಳು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆಫೀಸಿನ ಕುರ್ಚಿಯಲ್ಲಿ ಕಾಯುತ್ತಿದ್ದಳು. ಕೆಲವೊಮ್ಮೆ ಅಷ್ಟರಲ್ಲಿ ಊಟದ ಬಿಡುವೇ ಮುಗಿಯುತ್ತಿತ್ತು.

ಕೆಲವು ವಾರಗಳ ನಂತರ ಫೋನ್ ಬರುವುದು ನಿಂತಿತು. ಆಕೆಗೆ ಕೈ ಪಳಗಿತು ಎಂದುಕೊಂಡೆ. ಮಗಳ ತೋಳಿನಲ್ಲಿರುವ ಸೆನ್ಸರ್‌ನಿಂದ ಅವಳ ಶುಗರ್ ನನ್ನ ಫೋನಿನಲ್ಲಿ ಕಾಣುತ್ತದೆ. ನರ್ಸ್ ಇಲ್ಲದ ದಿನಗಳಲ್ಲಿ ಮಧ್ಯಾಹ್ನದ ಗೆರೆ ನೆಟ್ಟಗೆ, ಏರಿಳಿತವೇ ಇಲ್ಲ. ನಾನು ಮಗಳನ್ನು ಹೊಗಳಿದೆ. ಬೋರ್ಡಿನವರು ಹೇಳಿದ್ದೇ ನಿಜವಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು ಕೂಡ.

ನರ್ಸ್ ಇಲ್ಲದ ಒಂದು ಬುಧವಾರ ಡಬ್ಬಿಗೆ ಚಿತ್ರಾನ್ನ ಹಾಕಿದ್ದೆ. ಅನ್ನ ತಿಂದರೆ, ಇನ್ಸುಲಿನ್ ಎಷ್ಟೇ ಸರಿಯಾಗಿ ಕೊಟ್ಟರೂ, ಗೆರೆ ಸ್ವಲ್ಪವಾದರೂ ಏರಲೇಬೇಕು. ಅಂದು ಅಲುಗಾಡಲಿಲ್ಲ. ಸಂಜೆ ಮಗಳು ಬಂದವಳೇ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಗಬಗಬ ತಿನ್ನತೊಡಗಿದಳು. ಮಧ್ಯಾಹ್ನ ಏನು ತಿಂದೆ ಪುಟ್ಟಾ ಎಂದು ಕೇಳಿದೆ.

"ಐ ಡೋಂಟ್ ಈಟ್ ಆನ್ ದೋಸ್ ಡೇಸ್, ಅಮ್ಮಾ," ಎಂದಳು, ದೊಡ್ಡ ವಿಷಯವೇ ಅಲ್ಲ ಎಂಬಂತೆ.

ಮಿಕ್ಕಿದ್ದನ್ನೂ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದಳು. ತಿಂದರೆ ಇಂಜೆಕ್ಷನ್ ಬೇಕು. ಇಂಜೆಕ್ಷನ್ ಅಂದರೆ ಸೆಕ್ರೆಟರಿ ಹೆದರುತ್ತಾರೆ, ನಿನಗೆ ಫೋನ್ ಮಾಡುತ್ತಾರೆ, ನಿನಗೆ ಮೀಟಿಂಗ್ ಇರುತ್ತದೆ. ತಿನ್ನದಿದ್ದರೆ ಯಾರಿಗೂ ತೊಂದರೆಯಿಲ್ಲ. ಅಮ್ಮ ಇವತ್ತು ಬರೀ ಚೀಸ್, ಸೌತೆಕಾಯಿ ಕಳಿಸಿದ್ದಾಳೆ, ಅದಕ್ಕೆ ಶುಗರ್ ಏರುವುದಿಲ್ಲ, ಚುಚ್ಚುವುದು ಬೇಡ ಎಂದು ಆಫೀಸಿನಲ್ಲಿ ಹೇಳುತ್ತಿದ್ದಳಂತೆ. ಚಿತ್ರಾನ್ನ ಗೆಳತಿಯರಿಗೆ ತುಂಬ ಇಷ್ಟವಾಯಿತಂತೆ.

ನಾನು ಅತ್ತೆ. ಅಳುವಾಗಲೂ ಸಿಟ್ಟೇ ಹೆಚ್ಚಿತ್ತು. ಅಷ್ಟು ಜನ ದೊಡ್ಡವರು ಕೂತು ಬಗೆಹರಿಸಲಾಗದ ಬಜೆಟನ್ನು ಒಂಬತ್ತು ವರ್ಷದ ಹುಡುಗಿ ಉಪವಾಸವಿದ್ದು ಸರಿಮಾಡಿದ್ದಳು.

ಮರುದಿನ ರಜೆ ಹಾಕಿ, ಅವಳ ಊಟದ ಹೊತ್ತಿಗೆ ನಾನೇ ಶಾಲೆಗೆ ಹೋದೆ. ಗೇಟಿನ ಹತ್ತಿರ ಖಜಾಂಚಿ ಸಿಕ್ಕಿದರು, ಕೈಯಲ್ಲಿ ರೊಬಾಟಿಕ್ಸ್ ಸಾಮಾನಿನ ಡಬ್ಬ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ನಿಜಕ್ಕೂ ಸಣ್ಣದಾಯಿತು.

"ಛೆ, ಪಾಪ," ಎಂದರು. "ಸ್ಕೂಲಲ್ಲಿ ಯಾರಿಗಾದ್ರೂ ಹೇಳಬಹುದಿತ್ತಲ್ವಾ ಅವಳು?"

"ಯಾರಿಗೆ?" ಎಂದು ಕೇಳಿದೆ.